ರೇಡಿಯೇಟರಿನ ಬೂಚ: ಹಿಮದ ಊರಿಂದ ನಮ್ಮ ಸವಳ ನೀರಿನ ತನಕ

ನಮ್ಮ ಮನಿಗಳೊಳಗ ನೀರು ಹೊರಗ ಬಿಡೋ ಬೂಚ ಎಷ್ಟವ ಅಂತ ಒಮ್ಮೆ ಎಣಿಸಿ ನೋಡ್ರಿ. ಮಾಳಗಿ ಮ್ಯಾಲಿನ ಟಾಕಿಗೆ ಒಂದು, ಸೋಲಾರ್ ಡ್ರಮ್ಮಿಗೆ ಒಂದು, ಏರ್ ಕೂಲರಿಗೆ ಒಂದು, ವಾಷಿಂಗ್ ಮಷಿನ್ನಿಗೆ ಒಂದು. ಆಗಾಗ ಅವನ್ನ ಬಿಚ್ಚಿ ತಳದಾಗಿನ ರಾಡಿ ಬಿಡೋ ಕೆಲಸ ಬಹುತೇಕ ನಮ್ಮ ಪಾಲಿಗೇ ಬರ್ತದ. ಅಂಗಳದಾಗ ನಿಂತ ಕಾರಿಗೂ ಅಂಥಾದ್ದೇ ಒಂದು ಬೂಚ ಅದ. ಮುಂದಿನ ಜಾಳಿಗಿ ಹಿಂದ, ರೇಡಿಯೇಟರಿನ ತಳದ ಮೂಲ್ಯಾಗ, ಹೆಬ್ಬೆರಳಿನಷ್ಟು ದಪ್ಪ. ಇಂಗ್ಲಿಷಿನ್ಯಾಗ ಡ್ರೇನ್ ಪ್ಲಗ್ ಅಂತಾರ. ಅದು ಮುರಿಯೋ ತನಕ ಅದೊಂದು ಅದ ಅಂತ ಯಾರಿಗೂ ನೆನಪಿರಂಗಿಲ್ಲ.

ನಮ್ಮ ಗಾಡೀದು ಈ ಬ್ಯಾಸಿಗ್ಯಾಗ ಮುರೀತು. ಅದನ್ನ ಹೆಂಗ ಸರಿ ಮಾಡಿಸಿದ್ವಿ ಅಂತ ಮುಂದ ಹೇಳ್ತೀನಿ. ಆದ್ರ ಅದಕ್ಕಿಂತ ಮೊದಲ ಈ ಬೂಚ ಎಲ್ಲಿಂದ ಬಂತು, ಯಾಕ ಬಂತು ಅನ್ನೋದನ್ನ ಹೇಳಬೇಕು. ಯಾಕಂದ್ರ ಆ ಚರಿತ್ರೆ ಗೊತ್ತಾದ ಮ್ಯಾಲೇ ನಂಗ ಅದು ಯಾಕ ಮುರೀತು ಅನ್ನೋದು ತಿಳಿದದ್ದು.

ಮೊದಲ ರೇಡಿಯೇಟರ್ ಅಂದ್ರ ಏನು ಅಂತ ನಮ್ಮ ಭಾಷಾದಾಗ ಹೇಳಿಬಿಡ್ತೀನಿ. ಎಂಜಿನ್ನಿನ್ಯಾಗ ಪೆಟ್ರೋಲ್ ಉರೀತದ. ಆ ಉರಿಯ ಶಾಖ ಎಲ್ಲಾ ಗಾಲಿ ತಿರುಗಸೋದಕ್ಕ ಹೋಗಂಗಿಲ್ಲ, ಭಾಳಷ್ಟು ಹಂಗೇ ಉಳೀತದ. ಅದನ್ನ ಹೊರಗ ಹಾಕದಿದ್ರ ಕಬ್ಬಿಣ ಸೈತ ಹಿಗ್ಗಿ ಒಂದಕ್ಕೊಂದು ಕಚ್ಚಿಕೊಂಡು ನಿಂತುಬಿಡ್ತದ. ಅದಕ್ಕ ಎಂಜಿನ್ನಿನ ಸುತ್ತ ನೀರು ಹರಿಸಿ, ಕಾದ ನೀರನ್ನ ಸಣ್ಣ ಸಣ್ಣ ನಳಿಗೆಗಳೊಳಗ ಹಾಯಿಸಿ ಗಾಳಿಗೆ ಆರಸ್ತಾರ. ಚಹಾ ಬಿಸಿ ಇದ್ದಾಗ ನಾವು ಬಶಿಗೆ ಸುರುವಿ ಆರಸ್ತೀವಲ್ಲ, ಹಂಗ. ಹೆಚ್ಚು ಜಾಗಾದಾಗ ಹರವಿದ್ರ ಲಗೂ ಆರ್ತದ.

ಈ ಬಶಿ ಮೊದಲಿನ ಕಾರಿಗೆ ಇರಲೇ ಇಲ್ಲ. ಜರ್ಮನಿಯ ಕಾರ್ಲ್ ಬೆಂಝ್ 1886ರ ಜನವರಿಯಲ್ಲಿ ತಮ್ಮ ಮೂರು ಗಾಲಿ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ರು. ಅದರಾಗ ನೀರು ಕುದ್ದು ಆವಿಯಾಗಿ ಹೋಗ್ತಿತ್ತು, ಕಡಿಮಿ ಆದಂಗ ಮ್ಯಾಲಿಂದ ಹಾಕಬೇಕು. ಅಷ್ಟೇ ಅದರ ವ್ಯವಸ್ಥಾ. ಆ ಗಾಡಿ ದೂರ ಹೋಗ್ತದೋ ಇಲ್ಲೋ ಅಂತ ಮಂದಿಗೆ ಅನುಮಾನ. ಅದನ್ನ ತೀರಿಸಿದಾಕಿ ಅವರ ಹೆಂಡತಿ ಬರ್ತಾ. ತನ್ನ ತವರಿಂದ ಬಂದ ರೊಕ್ಕಾನೂ ಗಂಡನ ಕಾರಖಾನೆಗೆ ಹಾಕಿದಾಕಿ. 1888ರ ಆಗಸ್ಟ್ ತಿಂಗಳದಾಗ ಗಂಡಗ ಹೇಳದನ, ಇಬ್ಬರು ದೊಡ್ಡ ಹುಡುಗರನ್ನ ಕರಕೊಂಡು, ಮಾನ್‌ಹೈಮ್ ಊರಿಂದ ಸುಮಾರು 105 ಕಿಲೋಮೀಟರ್ ದೂರದ ಫೋರ್ಟ್ಸ್‌ಹೈಮಿಗೆ, ಅಂದ್ರ ತನ್ನ ತವರಿಗೆ, ಗಾಡಿ ಹೊಡಕೊಂಡು ಹೋದಳು. ದಾರಿಯುದ್ದಕ್ಕೂ ಬಾವಿ, ಹಳ್ಳ, ಖಾನಾವಳಿ ಎಲ್ಲಿ ನೀರು ಸಿಕ್ತದೋ ಅಲ್ಲಿ ನಿಂತು ತುಂಬಿಸಬೇಕಾತು. ಪೆಟ್ರೋಲಿನಂಥಾ ಎಣ್ಣಿ ಔಷಧದ ಅಂಗಡ್ಯಾಗ ಕೊಂಡಳು. ಎಣ್ಣಿ ನಳಿಗಿ ಕಟ್ಟಿಕೊಂಡಾಗ ಟೊಪಿಗಿ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಬ್ರೇಕಿನ ಕಟಗಿ ಸವದಾಗ ಚಮ್ಮಾರನ ಕಡೆ ಹೋಗಿ ಚರ್ಮ ಹೊಡಿಸಿದಳು. ಲೋಕದ ಮೊದಲನೇ ದೂರದ ಕಾರ್ ಪ್ರವಾಸ ಮಾಡಿದಾಕಿ ಮಕ್ಕಳ ತಾಯಿ, ಮತ್ತ ದಾರ್ಯಾಗಿನ ರಿಪೇರಿ ಎಲ್ಲಾ ಕೈಗೆ ಸಿಕ್ಕ ಸಾಮಾನಿನಿಂದ ಮಾಡಿಕೊಂಡಾಕಿ. ಇದನ್ನ ಓದಿದಾಗ ನಂಗ ಭಾಳ ಹಿಗ್ಗಾತು.

ನೀರು ಕುದಿಸಿ ಕಳಕೊಳ್ಳೋ ಬದಲಿ ಅದೇ ನೀರನ್ನ ಆರಿಸಿ ಮತ್ತ ಮತ್ತ ಬಳಸೋ ಉಪಾಯ ಮುಂದ ಬಂತು. ಅದನ್ನ ಛಲೋತ್ನ್ಯಾಗ ಸಾಧಿಸಿದವರು ಜರ್ಮನಿಯವರೇ ಆದ ವಿಲ್ಹೆಲ್ಮ್ ಮೈಬಾಖ್. 1901ರ ಮರ್ಸಿಡೀಸ್ 35 ಗಾಡಿಗೆ ಅವರು ಜೇನಹುಟ್ಟಿನಂಥಾ ರೇಡಿಯೇಟರ್ ಕೂಡಿಸಿದ್ರು. ಚೌಕಾಕಾರದ 8 ಸಾವಿರಕ್ಕೂ ಹೆಚ್ಚು ಸಣ್ಣ ನಳಿಗಿ ಸಾಲಾಗಿ ಜೋಡಿಸಿ ಬೆಸದದ್ದು, ಹಿಂದೊಂದು ಫ್ಯಾನು. ಅದರಿಂದ ಗಾಡಿಗೆ ಬೇಕಾಗೋ ನೀರು ಭಾಳ ಕಡಿಮಿ ಆತು. (ಮರ್ಸಿಡೀಸ್ ಅನ್ನೋದು ಆ ಗಾಡಿ ಮಾರತಿದ್ದ ಎಮಿಲ್ ಯೆಲಿನೆಕ್ ಅವರ ಮಗಳ ಹೆಸರು. ಅವಾಗ ಅಕಿಗೆ ಇನ್ನೂ 11-12 ವರ್ಷ.)

ಆಮ್ಯಾಲ ಅಮೆರಿಕಾದ ಫೋರ್ಡ್ ಕಂಪನಿ 1908ರಿಂದ 1927ರ ತನಕ ಒಂದೂವರೆ ಕೋಟಿ ಟಿ ಮಾಡೆಲ್ ಕಾರು ಮಾಡಿ ರೈತರ ಮನಿಗೂ ಮುಟ್ಟಿಸಿತು. ಶುರುವಿನ ಕೆಲವು ಗಾಡಿ ಬಿಟ್ರ ಉಳಿದದ್ದಕ್ಕ ನೀರು ತಿರುಗಿಸೋ ಪಂಪೇ ಇರಲಿಲ್ಲ. ಬಿಸಿ ನೀರು ಹಗುರ ಆಗಿ ಮ್ಯಾಲ ಏರ್ತದ, ತಣ್ಣಂದು ಭಾರಾಗಿ ಕೆಳಗ ಇಳೀತದ, ತಾನಾ ತಿರುಗ್ತದ. ಇದೇನು ಹೊಸಾದು ಅಂತೀರಿ? ಹಂಗಾದ್ರ ನಿಮ್ಮ ಮಾಳಗಿ ಮ್ಯಾಲಿನ ಸೋಲಾರ್ ನೋಡ್ರಿ. ಗಾಜಿನ ಕೊಳವಿ ಕೆಳಗ, ಡ್ರಮ್ಮು ಮ್ಯಾಲ ಯಾಕ ಇಟ್ಟಾರ? ಅದೂ ಇದೇ ಲೆಕ್ಕ.

ಇಷ್ಟೊತ್ತಿಗೆ ಬೂಚದ ಮಾತು ಬರ್ತದ. ಅಮೆರಿಕಾ, ಯುರೋಪಿನ ಥಂಡಿ ಊರುಗಳೊಳಗ ರಾತ್ರಿ ನೀರು ಹೆಪ್ಪುಗಟ್ತದ. ನೀರು ಹಿಮ ಆದಾಗ ಸುಮಾರು 9 ಪರ್ಸೆಂಟ್ ಹಿಗ್ತದ. ಫ್ರೀಜರಿನ್ಯಾಗ ಗಾಜಿನ ಬಾಟ್ಲಿ ತುಂಬ ನೀರು ಇಟ್ಟು ಮರತವರಿಗೆ ಇದು ಗೊತ್ತು. ಬಾಟ್ಲಿ ಒಡದ್ರ ಹೋಗ್ಲಿ, ಹಿತ್ತಾಳಿ ರೇಡಿಯೇಟರ್ ಬಿರಿತದ, ಬೀಡುಕಬ್ಬಿಣದ ಎಂಜಿನ್ ಸೈತ ಸೀಳ್ತದ. ಅದಕ್ಕ ಅಲ್ಲಿ ಚಳಿಗಾಲದಾಗ ಸಂಜಿಗೆ ಗಾಡಿ ನಿಲ್ಲಿಸಿದ ಕೂಡಲೆ ತಳದ ನಳ ತಿರುವಿ ನೀರು ಪೂರಾ ಬಿಡೋದು, ಮುಂಜಾನೆ ಎದ್ದು ಮತ್ತ ತುಂಬೋದು. ಎತ್ತಿಗೆ ನೀರು ಕುಡಿಸಿ ಕಟ್ಟೋ ಬದಲಿ ಗಾಡಿಯ ನೀರು ಇಳಿಸಿ ಕಟ್ಟೋದು. ಹಿಂಗ ದಿನಾ ತಿರುವಲಿಕ್ಕೆ ಅನುಕೂಲ ಆಗ್ಲಿ ಅಂತ ಚಿಟ್ಟಿ ರೆಕ್ಕಿಯಂಥಾ ಕಿವಿ ಇದ್ದ ಸಣ್ಣ ಹಿತ್ತಾಳಿ ನಳ ಇಡ್ತಿದ್ರು. ಅಂದ್ರ ನಮ್ಮ ಈ ಬೂಚಕ್ಕ ದಿನಾ ಕೆಲಸ ಕೊಟ್ಟದ್ದು ಹಿಮದ ಅಂಜಿಕಿ.

ಆ ದಿನದಿನದ ಕಾಟ ತಪ್ಪಸಲಿಕ್ಕೆ ಜನ ನೀರಿಗೆ ಕಟಗಿಯ ಮದ್ಯಸಾರ, ಗ್ಲಿಸರಿನ್ ಏನೇನೋ ಬೆರೆಸಿ ನೋಡಿದ್ರು. ಮದ್ಯಸಾರ ಕಾದ ಎಂಜಿನ್ನಿನ್ಯಾಗ ಆರಿ ಹೋಗ್ತಿತ್ತು. ಕಡಿಗೆ ಎಥಿಲೀನ್ ಗ್ಲೈಕಾಲ್ ಅನ್ನೋ ದಪ್ಪನ್ನ ದ್ರವ ಸಿಕ್ತು. ಅದನ್ನ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವ್ಯೂರ್ಟ್ಸ್ 1850ರ ದಶಕದಾಗೇ ತಯಾರಿಸಿದ್ರು, ಆದ್ರ ಅದು ಪ್ರೆಸ್ಟೋನ್ ಅನ್ನೋ ಹೆಸರಿನಿಂದ ಕಾರಿಗೆ ಅಂತ ಅಮೆರಿಕಾದ ಅಂಗಡಿಗೆ ಬಂದದ್ದು 1927ರಲ್ಲಿ. ಅರ್ಧ ನೀರು, ಅರ್ಧ ಇದು ಬೆರೆಸಿದ್ರ ಸೊನ್ನೆಗಿಂತ 35 ಡಿಗ್ರಿ ಕೆಳಗ ಇಳಿದ್ರೂ ಹೆಪ್ಪುಗಟ್ಟಂಗಿಲ್ಲ. ಕುದಿಯೋದೂ ನೀರಿಗಿಂತ ತಡಾ. ಇವತ್ತು ನಮ್ಮ ಗಾಡಿಗೆ ಹಾಕೋ ಹಸರು, ಕೆಂಪು, ನೀಲಿ ಕೂಲಂಟ್ ಅಂದ್ರ ಹೆಚ್ಚಾಗಿ ಇದೇ, ಜೋಡಿಗೆ ಜಂಗು ಹಿಡೀದಂಗ ಕಾಯೋ ಔಷಧ ಮತ್ತ ಬಣ್ಣ.

ಈಗ ನಮ್ಮ ದೇಶಕ್ಕ ಬರೋಣ. ಸ್ವಾತಂತ್ರ್ಯದ ಮ್ಯಾಲ ಬಹಳ ವರ್ಷ ನಮ್ಮ ರಸ್ತೆ ಮ್ಯಾಲ ಕಾಣ್ತಿದ್ದದ್ದು ಎರಡೇ ಗಾಡಿ ಅಂದ್ರೂ ನಡೀತದ. ಒಂದು ಕಲಕತ್ತಾ ಹತ್ರದ ಉತ್ತರಪಾಡಾದಾಗ ತಯಾರಾಗ್ತಿದ್ದ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚು. 1950ರ ದಶಕದ ಕೊನಿಗೆ ಶುರುವಾಗಿ 2014ರಲ್ಲಿ ನಿಂತಿತು. ಇನ್ನೊಂದು ಮುಂಬಯಿ ಕುರ್ಲಾದ ಫಿಯಟ್, ಮುಂದ ಅದಕ್ಕ ಪದ್ಮಿನಿ ಅಂತ ಹೆಸರಾತು. ಅದನ್ನ ಮಾಡ್ತಿದ್ದ ಪ್ರೀಮಿಯರ್ ಕಂಪನಿ ವಾಲಚಂದ ಹಿರಾಚಂದರು 1944ರಲ್ಲಿ ಕಟ್ಟಿದ್ದು. ಬೆಂಗಳೂರಿನ ವಿಮಾನದ ಕಾರಖಾನೆ 1940ರಲ್ಲಿ ಮೈಸೂರು ಸಂಸ್ಥಾನದ ಜೋಡಿ ಕೂಡಿ ಶುರು ಮಾಡಿದವರೂ ಅವರೇ. ಎರಡೂ ಗಾಡಿ ಥಂಡಿ ದೇಶದಾಗ ಹುಟ್ಟಿದ್ದು. ಹಂಗಾಗಿ ಆ ತಳದ ಹಿತ್ತಾಳಿ ನಳಾನೂ ಜೋಡಿಗೇ ಬಂತು.

ನಮ್ಮ ಧಾರವಾಡದಾಗ ಹಿಮ ಎಲ್ಲಿಂದ ಬರಬೇಕು? ಅಂದ್ರೂ ಆ ನಳಕ್ಕ ಇಲ್ಲಿ ಬ್ಯಾರೆ ಕೆಲಸ ಸಿಕ್ತು. ನಮ್ಮದು ಸವಳ ನೀರು. ಬೋರಿನ ನೀರು ಕಾಸಿದ ಪಾತೇಲಿ ತಳಕ್ಕ ಬಿಳೇ ಪದರು ಕೂಡ್ತದಲ್ಲ, ಅದೇ ಸುಣ್ಣ ರೇಡಿಯೇಟರಿನ ಸಣ್ಣ ನಳಿಗ್ಯಾಗೂ ಕೂಡ್ತದ. ಆ ಪದರು ಶಾಖ ದಾಟಲಿಕ್ಕೆ ಬಿಡಂಗಿಲ್ಲ. ಎಂಜಿನ್ನಿನ ಜಂಗು ಅದಕ್ಕ ಕೂಡಿದ್ರ ಕೆಂಪನ್ನ ರಾಡಿ. ಅವಾಗ ಕೂಲಂಟ್ ಹಾಕ್ತಿದ್ದವರು ಕಡಿಮಿ, ನಳದ ನೀರೇ ಸುರುವೋದು. ಹಂಗಾಗಿ ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ತಳದ ನಳ ತಿರುವಿ ರಾಡಿ ಬಿಡಲೇಬೇಕಿತ್ತು.

ನಾ ಲಗ್ನಾಗಿ ಬಂದಾಗ ನಮ್ಮ ಮಾವನವರ ಹತ್ರ ಬೂದಿ ಬಣ್ಣದ ಪದ್ಮಿನಿ ಇತ್ತು. ಅಂಕೋಲಾ ಕಡೆ ಹೊಂಟ್ರ ಅರಬೈಲ್ ಘಾಟಿನ ಸಲವಾಗಿ ಡಿಕ್ಕ್ಯಾಗ ನೀರಿನ ಕ್ಯಾನು ಇರಲೇಬೇಕು. ವಾಪಸ್ ಬರೋ ಮುಂದ ಘಾಟ ಏರ್ತಿದ್ದಂಗ ಮುಳ್ಳು ಕೆಂಪಿಗೆ ಹೋಗೋದು, ಎಲ್ಲಾರೂ ಇಳಿದು ಗಿಡದ ನೆರಳಿಗೆ ಕೂಡೋದು. ಬಾನೆಟ್ ಎತ್ತಿ ಅರ್ಧಾ ತಾಸು ಆರಲಿಕ್ಕೆ ಬಿಡೋರು. ಬಿಸಿ ಇದ್ದಾಗ ಮುಚ್ಚಳಕ್ಕ ಯಾರೂ ಕೈ ಹಚ್ಚಬಾರ್ದು ಅನ್ನೋದು ಮಾವನವರ ಕಟ್ಟಪ್ಪಣೆ. ಯಾಕಂದ್ರ ರೇಡಿಯೇಟರಿನ ಮುಚ್ಚಳ ನಮ್ಮ ಕುಕ್ಕರಿನ ಸೀಟಿ ಇದ್ದಂಗ. ಒಳಗ ಒತ್ತಡ ಇಟ್ಟು ನೀರು 100 ಡಿಗ್ರಿಗೂ ಕುದೀದಂಗ ಹಿಡೀತದ. ಆ ಒತ್ತಡದಾಗ ಮುಚ್ಚಳ ತಗದ್ರ ಹಿಡದಿಟ್ಟ ನೀರು ಒಮ್ಮೆಲೆ ಕುದ್ದು ಮುಖಕ್ಕ ಸಿಡೀತದ. ಸೀಟಿ ಇಳೀದನ ಕುಕ್ಕರ್ ತಗೀಬಾರ್ದು ಅಂತ ಗೊತ್ತಿದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಆ ಪದ್ಮಿನಿಯ ನಳ ಸೋರಲಿಕ್ಕೆ ಹತ್ತಿದ್ರ ಮಾವನವರು ಅದನ್ನ ಬಿಚ್ಚಿ, ನುಣ್ಣನ್ನ ಉಜ್ಜೋ ಪುಡಿಗೆ ಎಣ್ಣಿ ಕಲಸಿ ಹಚ್ಚಿ, ಹೊರಳಿಸಿ ಹೊರಳಿಸಿ ತಿಕ್ಕಿ ಕೂಡಸ್ತಿದ್ರು. ನಳದ ಬುಡ ಸೀಳಿದ್ರ ಹುಬ್ಬಳ್ಳಿಗೆ ಒಯ್ದು ಬೆಸಗಿ ಹಾಕಿಸೋದು. ಆ ಬೆಸಗಿ ಹಾಕೋ ಪದ್ಧತಿ ನೋಡಿದ್ರ ನಮ್ಮ ಓಣಿಗೆ ಬರ್ತಿದ್ದ ಕಲಾಯಿಯವನ ನೆನಪಾಗ್ತದ. ಹಿತ್ತಾಳಿ ತಿಕ್ಕಿ ಬೆಳ್ಳಗ ಮಾಡೋದು, ಕಾಸೋದು, ನವಸಾಗರ ಉದುರಿಸೋದು, ತವರ ಕರಗಿಸಿ ಹರವೋದು. ಕಲಾಯಿಯವ ತವರ ಅಷ್ಟೇ ಹಾಕ್ತಿದ್ದ, ರೇಡಿಯೇಟರಿನವರು ತವರಕ್ಕ ಸೀಸ ಕೂಡಸ್ತಾರ. ಕಸುಬು ಅಣ್ಣತಮ್ಮಂದಿರಿದ್ದಂಗ. ಸೀಸ ವಿಷ, ಅದಕ್ಕ ಆ ಬೆಸಗಿ ಅಡಗಿ ಪಾತ್ರೆಗೆ ಬರಂಗಿಲ್ಲ, ಇದನ್ನೂ ನೆನಪಿಡ್ರಿ.

ಕಲಾಯಿಯವ ಓಣಿಗೆ ಬರೋದು ನಿಂತಂಗ ಹಿತ್ತಾಳಿ ರೇಡಿಯೇಟರೂ ಹೋತು. 1983ರ ಡಿಸೆಂಬರಿನ್ಯಾಗ ಮಾರುತಿ 800 ಬಂದ ಮ್ಯಾಲ ಸಣ್ಣ, ಹಗುರ ಗಾಡಿಗಳ ಕಾಲ ಶುರುವಾತು. ಅದೇ ಹೊತ್ತಿಗೆ ಜಗತ್ತಿನ ಕಾರಖಾನೆಗಳು ತಾಮ್ರ-ಹಿತ್ತಾಳಿ ಬಿಟ್ಟು, ಅಲ್ಯುಮಿನಿಯಮ್ ನಳಿಗಿ ನಡಕ, ಎರಡೂ ತುದಿಗೆ ಪ್ಲಾಸ್ಟಿಕ್ ಡಬ್ಬಿ ಅನ್ನೋ ಹೊಸಾ ನಮೂನಿಗೆ ಹೊಳ್ಳಿದ್ವು. ಹಗುರ, ಅಗ್ಗ. ಆ ಪ್ಲಾಸ್ಟಿಕ್ ಅಂದ್ರ ನೈಲಾನ್, ಗಾಜಿನ ಎಳಿ ಕೂಡಿಸಿದ್ದು. ನೈಲಾನ್ ಮೊದಲ ತಯಾರಾದದ್ದು 1935ರಲ್ಲಿ, ಅಮೆರಿಕಾದ ಡ್ಯುಪಾಂಟ್ ಕಂಪನಿಯ ವ್ಯಾಲೇಸ್ ಕ್ಯಾರೋದರ್ಸ್ ಅವರ ಪ್ರಯೋಗಶಾಲ್ಯಾಗ. ನಮ್ಮ ಸೀರಿಗೂ, ಹಲ್ಲು ತಿಕ್ಕೋ ಬ್ರಷ್ಷಿಗೂ ಬಂದದ್ದು ಅದೇ ವಂಶ. ತಳದ ನಳಾನೂ ಹೋಗಿ ಪ್ಲಾಸ್ಟಿಕ್ ತಿರುಪಿನ ಬೂಚ ಬಂತು, ಅದಕ್ಕ ಒಂದು ಸಣ್ಣ ರಬ್ಬರ್ ಉಂಗುರ.

ಇಲ್ಲಿ ನೋಡ್ರಿ ಚರಿತ್ರೆಯ ಗಂಟು. ಹಿತ್ತಾಳಿ ನಳಾನ ದಿನಾ ಇಲ್ಲಾ ತಿಂಗಳಿಗೊಮ್ಮೆ ತಿರುವತಿದ್ರು, ಅದಕ್ಕ ಅದು ಜಾಮ್ ಆಗ್ತಿರಲಿಲ್ಲ. ಈಗಿನ ಕೂಲಂಟ್ ಮೂರು-ನಾಕು ವರ್ಷ ನಡೀತದ, ಕೆಲವಂತೂ ಇನ್ನೂ ಹೆಚ್ಚು. ಹಂಗಾಗಿ ಪ್ಲಾಸ್ಟಿಕ್ ಬೂಚ ಅಷ್ಟೂ ವರ್ಷ ಕಾದು ಆರಿ, ಕಾದು ಆರಿ, ತನ್ನ ಜೀವ ಕಳಕೊಂಡು ಹಪ್ಪಳದಂಗ ಆಗಿರ್ತದ. ರಬ್ಬರ್ ಉಂಗುರ ಗ್ವಾಡಿಗೆ ಅಂಟಿರ್ತದ. ವರ್ಷಗಟ್ಟಲೆ ಮುಟ್ಟದ್ದನ್ನ ಒಂದ ದಿನ ಪಕ್ಕಡ ಹಾಕಿ ತಿರುವಿದ್ರ ತಲಿ ಕೈಯಾಗ, ರುಂಡ-ಮುಂಡ ಬ್ಯಾರೆ. ಬೂಚಕ್ಕ ಕೆಲಸ ಇಲ್ಲದ್ದೇ ಅದರ ರೋಗ.

ನಮ್ಮ ಗಾಡಿಗೆ 18 ವರ್ಷ. ಸರ್ವಿಸಿಗೆ ಬಿಟ್ಟ ಗ್ಯಾರೇಜಿನ್ಯಾಗ ಹುಡುಗ ಹಿಂಗೇ ತಿರುವಿದ, ತಲಿ ಮುರೀತು. "ಪೂರಾ ರೇಡಿಯೇಟರ್ ಬದಲ ಮಾಡಬೇಕ್ರಿ, ತರಿಸಲಿಕ್ಕೆ ಐದಾರು ದಿನ" ಅಂದ್ರು. ನಮ್ಮ ಅತ್ತಿಯವರಿಗೆ ವಾರಕ್ಕ ಎರಡು ಸಲ ಡಯಾಲಿಸಿಸ್. ಮಂಗಳವಾರ, ಶುಕ್ರವಾರ ತಪ್ಪಂಗಿಲ್ಲ. ಅವರಿಗೆ ಆಟೋದ ಮೆಟ್ಟಲಾ ಹತ್ತೋದು ಆಗಂಗಿಲ್ಲ, ವಾಪಸ್ ಬರೋ ಮುಂದಂತೂ ಹಿಂದಿನ ಸೀಟಿನ್ಯಾಗ ಮಲಗಿಸೇ ತರಬೇಕು. ನಡುವ ಇರೋದು ಎರಡ ದಿನ. ನಮ್ಮನಿಯವರು ಗಾಡಿ ಕಟ್ಟಿ ಎಳಿಸಿಕೊಂಡು ಹುಬ್ಬಳ್ಳಿಯ ಒಬ್ಬ ಹಳೇ ರೇಡಿಯೇಟರ್ ಮಿಸ್ತ್ರಿ ಹತ್ರ ಒಯ್ದರು. ನಾನೂ ಜೋಡಿಗೆ ಹೋದೆ. ಎಪ್ಪತ್ತರ ಹತ್ರ ವಯಸ್ಸಿನವರು, ಕಲಾಯಿ ಕೆಲಸದ ಮನೆತನ. ಅವರು ಮಾಡಿದ್ದನ್ನ ಹಂತ ಹಂತಕ್ಕ ಬರಕೊಂಡೀನಿ.

ಗಾಡಿ ಪೂರಾ ತಣ್ಣಗಾದ ಮ್ಯಾಲೇ ಕೈ ಹಚ್ಚಿದ್ರು. ಮ್ಯಾಲಿನ ಮುಚ್ಚಳ ತಗದು, ತಳಕ್ಕ ಬೋಗುಣಿ ಇಟ್ಟು, ಕೆಳಗಿನ ದಪ್ಪ ರಬ್ಬರ್ ಪೈಪು ಸಡಲಿಸಿ ಕೂಲಂಟ್ ಇಳಿಸಿದ್ರು. ಬೂಚ ಮುರದಿದ್ರೂ ನೀರು ಇಳಿಸೋ ದಾರಿ ಇದು. ಒಳಗ ಸಿಕ್ಕ ತುಂಡಿಗೆ ಹಳೇ ಚಪ್ಪಟಿ ಸ್ಕ್ರೂಡ್ರೈವರ್ ಕಾಸಿ ಮೆತ್ತಗ ಒತ್ತಿದ್ರು. ಪ್ಲಾಸ್ಟಿಕ್ ಕರಗಿ ಗೀರು ಬಿತ್ತು. ಹಂಗೇ ಹಿಡಕೊಂಡು ಪೂರಾ ಆರೋ ತನಕ ಕಾದು, ಆಮ್ಯಾಲ ಸಾವಕಾಶ ಎಡಕ್ಕ ತಿರುವಿದ್ರು. ಎರಡನೇ ಸಲಕ್ಕ ತುಂಡು ಹೊರಗ ಬಂತು. "ಇದರಾಗ ಆಗದಿದ್ರ ಗರಗಸದ ಎಳಿಯಿಂದ ತುಂಡನ್ನ ಸೀಳಿ ಒಳಮುಖ ಮಡಚಿ ತಗೀತೇನ್ರಿ. ಡಬ್ಬಿಯ ತಿರುಪಿನ ಗೆರಿ ಕೆಡಬಾರ್ದು, ಅಷ್ಟ" ಅಂದ್ರು. ಗೆರಿ ಕೆಟ್ರ? ಹಿಗ್ಗೋ ರಬ್ಬರ್ ಬೂಚ ಹಾಕಿ ತಾತ್ಪೂರ್ತಿಕ ನಡಸಬಹುದು, ಆದ್ರ ಡಬ್ಬಿ ಬದಲ ಮಾಡೋದೇ ಖರೇ ಉಪಾಯ. ಎರಡು ಬಣ್ಣದ ಮೇಣ ಕಲಸಿ ಹಚ್ಚೋದು ಮನಿ ಮುಟ್ಟೋ ಮಟ್ಟಿಗೆ ಅಷ್ಟೇ. ಬಿಸಿ ನೈಲಾನಿಗೆ ಅದು ಭಾಳ ದಿನ ಹಿಡಿಯಂಗಿಲ್ಲ, ಮುಂದ ಬೂಚ ತಗಿಯೋ ದಾರಿಯೂ ಬಂದ್ ಆಗ್ತದ.

ಗೆರಿ ಒಳಗಿನ ಹೊಲಸು ಹಳೇ ಟೂಥ್‌ಬ್ರಷ್ಷಿನಿಂದ ತಗದು, ಚೂರು ಒಳಗ ಉಳೀದಂಗ ನೀರು ಹಾಯಿಸಿ ತೊಳದ್ರು. ಹೊಸ ಬೂಚ, ಹೊಸ ಉಂಗುರ. ಉಂಗುರಕ್ಕ ಎರಡು ಹನಿ ಕೂಲಂಟ್ ಸವರಿದ್ರು. ಎಂಜಿನ್ ಎಣ್ಣಿ ಹಚ್ಚಿದ್ರ ಆ ಜಾತಿ ರಬ್ಬರ್ ಉಬ್ಬಿ ಕೆಡ್ತದಂತ. ಕೈಯಿಂದಷ್ಟೇ ಬಿಗಿ ಮಾಡಿದ್ರು, ಪಾನಾ ಮುಟ್ಟಲಿಲ್ಲ. ನೀರು ತಡಿಯೋದು ಉಂಗುರ, ಬಲ ಅಲ್ಲ. ನಮ್ಮ ಕುಕ್ಕರಿನ ರಿಂಗೂ ಹಂಗೇ ಅಲ್ಲೇನು? ಆಮ್ಯಾಲ ಡಿಸ್ಟಿಲ್ ನೀರು ಬೆರೆಸಿದ ಕೂಲಂಟ್ ತುಂಬಿ, ಎಂಜಿನ್ ಶುರು ಮಾಡಿ, ಹೀಟರ್ ಹಚ್ಚಿ, ಒಳಗಿನ ಗಾಳಿ ಗುಳ್ಳಿ ಹೋಗೋ ತನಕ ಕಾದು ಮತ್ತಷ್ಟು ಹಾಕಿ ಮುಚ್ಚಿದ್ರು. ಮನಿಗೆ ಬಂದು ರಾತ್ರಿ ಗಾಡಿ ಕೆಳಗ ರಟ್ಟು ಹಾಸಿದ್ವಿ. ಮುಂಜಾನೆ ಒಂದು ಹನಿ ಕಲೀನೂ ಇರಲಿಲ್ಲ. ಶುಕ್ರವಾರ ಅತ್ತಿಯವರು ತಮ್ಮ ಸೀಟಿನ್ಯಾಗೇ ಕೂತು ದವಾಖಾನಿಗೆ ಹೋದ್ರು. ಬೂಚ, ಉಂಗುರ, ಕೂಲಂಟ್, ಮಿಸ್ತ್ರಿ ಕೂಲಿ ಎಲ್ಲಾ ಕೂಡಿದ್ರೂ ಹೊಸ ರೇಡಿಯೇಟರಿನ ಕಾಲುಭಾಗ ಆಗಲಿಲ್ಲ.

ಇನ್ನೊಂದು ಮಾತು, ಇದು ಹೆಚ್ಚಿಂದು. ಬೋಗುಣ್ಯಾಗ ಇಳಿಸಿದ ಹಸರು ನೀರನ್ನ ಮಿಸ್ತ್ರಿ ಕೂಡಲೆ ಕ್ಯಾನಿಗೆ ತುಂಬಿ ಮುಚ್ಚಳಾ ಹಾಕಿಬಿಟ್ರು. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ನಾಯಿ, ಬೆಕ್ಕು, ಸಣ್ಣ ಹುಡುಗರು ನೆಕ್ಕಿಬಿಡ್ತಾವ. ಹೊಟ್ಟಿಗೆ ಹೋದ್ರ ದೇಹದೊಳಗ ಆಕ್ಸಲೇಟ್ ಅನ್ನೋ ಹರಳಾಗಿ ಮೂತ್ರಪಿಂಡದಾಗ ಕೂಡ್ತದ, ಕಿಡ್ನಿ ಕೆಡ್ತದ, ಜೀವಾನೂ ಹೋಗ್ತದ. ಕಿಡ್ನಿ ಕೆಟ್ಟ ಮನಿ ಹೆಂಗಿರ್ತದ ಅಂತ ನಂಗೊತ್ತು. ಅದಕ್ಕ ಅಂಗಳದಾಗ, ಗಟಾರದಾಗ, ಗಿಡದ ಬುಡಕ್ಕ ಅದನ್ನ ಚೆಲ್ಲಬ್ಯಾಡ್ರಿ. ಚೆಲ್ಲಿದ್ರ ಉಸುಕು ಹಾಕಿ ಬಳದು ತಗದು ಹಾಕಿ, ಜಾಗಾನ ನೀರಿನಿಂದ ಛಂದಾಗಿ ತೊಳೀರಿ. ಕುಡಿಯೋ ನೀರಿನ ಬಾಟ್ಲ್ಯಾಗ ಕೂಲಂಟ್ ಎಂದೂ ತುಂಬಿಡಬ್ಯಾಡ್ರಿ. ಯಾರಾದ್ರೂ ಕುಡದಾರ ಅಂತ ಅನುಮಾನ ಬಂದ್ರೂ ಲಕ್ಷಣ ಕಾಣೋ ತನಕ ಕಾಯದನ ದವಾಖಾನಿಗೆ ಓಡ್ರಿ, ವ್ಯಾಳ್ಯಾಕ್ಕ ಮುಟ್ಟಿದ್ರ ಇದಕ್ಕ ಮದ್ದು ಅದ.

ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಡೀದು 2003ರಲ್ಲಿ ನೋಂದಣಿ ಆಗಿತ್ತು. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನಿಗೆ ಅವು ರಸ್ತೆ ಬಿಟ್ಟವು. ಹಿತ್ತಾಳಿ ನಳದ ಕಾಲ ಹೆಚ್ಚೂಕಡಿಮಿ ಅಲ್ಲಿಗೆ ಮುಗಿದಂಗ. ನಿಮ್ಮನಿ ಗಾಡಿ ಹತ್ತು ವರ್ಷ ದಾಟಿದ್ರ ಮುಂದಿನ ಸಲ ಕೂಲಂಟ್ ಬದಲ ಮಾಡೋ ಮುಂದ ಗ್ಯಾರೇಜಿನವರಿಗೆ ಮೊದಲಾ ಎರಡು ಮಾತು ಹೇಳ್ರಿ: ಬೂಚಕ್ಕ ಪಕ್ಕಡ ಹಾಕಬ್ಯಾಡ್ರಿ, ಬಿಗಿ ಇದ್ರ ಕೆಳಗಿನ ಪೈಪಿನಿಂದ ಇಳಿಸ್ರಿ. ಮತ್ತ ಆ ಗಾಡಿಯ ಅಳತಿಯ ಒಂದು ಹೊಸ ಬೂಚ, ಉಂಗುರ ಸುದ್ದಾ, ತಂದು ಡ್ಯಾಶ್‌ಬೋರ್ಡಿನ್ಯಾಗ ಇಟ್ಟುಬಿಡ್ರಿ. ನಾವು ಎರಡು ತಂದೀವಿ. ಒಂದು ಗಾಡ್ಯಾಗ, ಇನ್ನೊಂದು ಕುಕ್ಕರಿನ ರಿಂಗ್ ಇಡೋ ಡಬ್ಬ್ಯಾಗ.